ಬೇಲಿಯದ್ದೋ, ಬಂಡೆಯದ್ದೋ? ಓತಿ ಗುರುತಿಸುವುದು ಹೀಗೆ

ನಂದಿಬೆಟ್ಟಕ್ಕೋ ರಾಮನಗರಕ್ಕೋ ಹೋಗಿಬಂದವರು ಕಳಿಸುವ ಫೋಟೊಗಳಲ್ಲಿ ಇದೊಂದು ಮಾಮೂಲು: ಬಂಡೆ ಮೇಲೆ ಕೆಂಪು ಬೆನ್ನಿನ ಜೀವಿ, ಕೆಳಗೆ ‘ಗೋಸುಂಬೆ ಸಿಕ್ತು!’ ಅಂತ ಬರಹ. ಅದು ಗೋಸುಂಬೆಯಲ್ಲ, ಬಂಡೆ ಓತಿ. ಬಣ್ಣ ಬದಲಿಸಿದ್ದೆಲ್ಲ ಗೋಸುಂಬೆ ಎಂದುಕೊಂಡಲ್ಲೇ ಎಡವಟ್ಟು ಶುರು.

ಮೊದಲು ಗೋಸುಂಬೆಯನ್ನು ಪಕ್ಕಕ್ಕಿಡಿ. ಸುರುಳಿ ಬಾಲ, ಒಂದೊಂದು ದಿಕ್ಕಿಗೆ ತಿರುಗುವ ಕಣ್ಣು, ತೂಗಾಡುತ್ತ ಇಡುವ ಹೆಜ್ಜೆ ಇದ್ದರಷ್ಟೇ ಅದು. ಸರಸರ ಓಡಿತೇ? ಓತಿ.

ಎರಡನೆಯದು ಜಾಗ. ‘ಓತಿಕ್ಯಾತಕ್ಕೆ ಬೇಲಿ ಸಾಕ್ಷಿ’ ಅಂತ ಗಾದೆಯೇ ಇದೆ. ಬೇಲಿ, ಗಿಡ, ಮರದ ಮೇಲಿದ್ದರೆ ಬಹುಪಾಲು ಓತಿಕ್ಯಾತ. ಆದರೆ ಬೇಲಿಯ ಸಾಕ್ಷಿ ಕಾಂಪೌಂಡ್ ಗೋಡೆ ಮೇಲೆ ನಡೆಯುವುದಿಲ್ಲ. ಅಲ್ಲಿಗೆ ಓತಿಕ್ಯಾತ, ಬಂಡೆ ಓತಿ ಇಬ್ಬರೂ ಬಿಸಿಲು ಕಾಯಿಸಲು ಬರುತ್ತಾರೆ.

ಮೂರನೆಯದು ಬಣ್ಣ, ಎಲ್ಲರೂ ಎಡವುವುದು ಇಲ್ಲೇ. ಬೆದೆಯ ಗಂಡು ಸುಲಭ: ಓತಿಕ್ಯಾತಕ್ಕೆ ತಲೆ, ಗಂಟಲು, ಭುಜ ಕೆಂಪು, ಬಂಡೆ ಓತಿಗೆ ಬೆನ್ನುದ್ದಕ್ಕೂ ಕೆಂಪು, ಪಕ್ಕೆ ಕಡುಕಪ್ಪು. ಅದೇ ಬಂಡೆ ಓತಿ ಇನ್ನೊಂದು ಗಂಡಿನ ಎದುರು ಜಗಳಕ್ಕೆ ನಿಂತಿತೋ, ನೋಡನೋಡುತ್ತಲೇ ಬೆನ್ನು ಹಳದಿ, ಪಕ್ಕೆ ಕಿತ್ತಳೆ! ಇನ್ನು ಹೆಣ್ಣು, ಮರಿಗಳೆಲ್ಲ ಮಣ್ಣಿನ ಬಣ್ಣವೇ. ಹಾಗಾಗಿ ಬಣ್ಣ ಮರೆತುಬಿಡಿ, ಬೆನ್ನು ನೋಡಿ. ಓತಿಕ್ಯಾತದ ಕತ್ತಿನಿಂದ ಬೆನ್ನಿಗೆ ಗರಗಸದ ಹಲ್ಲಿನಂಥ ಮುಳ್ಳಿನ ಸಾಲು ಇಳಿಯುತ್ತದೆ. ಹೆಣ್ಣಿಗೆ ಗಿಡ್ಡ, ಆದರೂ ಇದೆ. ಪಕ್ಕೆಯ ಹುರುಪೆ ದೊಡ್ಡವು, ಚೂಪು. ತುದಿಗಳು ಹಿಂದಕ್ಕೂ ಮೇಲಕ್ಕೂ ಮುಖ ಮಾಡಿರುತ್ತವೆ. ಬಂಡೆ ಓತಿಯ ಬೆನ್ನಿಗೆ ಮುಳ್ಳಿನ ಸಾಲಿಲ್ಲ. ಮೈ ಚಪ್ಪಟೆ, ಹುರುಪೆ ರವೆಯಷ್ಟು ಸಣ್ಣ. ನಮ್ಮ ನೀರಿನ ತೊಟ್ಟಿ ಮೇಲೆ ಕೂತ ಹೆಣ್ಣೊಂದನ್ನು ನಾನೇ ಎರಡು ದಿನ ಬಂಡೆ ಓತಿ ಅಂದಿದ್ದೆ; ಮೂರನೇ ದಿನ ಪಕ್ಕಕ್ಕೆ ತಿರುಗಿತು, ಕತ್ತಿನ ಮೇಲೆ ಗರಗಸ ಎದ್ದು ಕಂಡಿತು.

ಅದಕ್ಕೇ ಫೋಟೊ ಪಕ್ಕದಿಂದಲೇ ತೆಗೆಯಿರಿ, ಮೇಲಿಂದ ತೆಗೆದದ್ದು ದಂಡ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಲೆನ್ಸ್ ಕೊಳ್ಳಬೇಡಿ, ಹುರುಪೆಯೆಲ್ಲ ಕಲಸಿಹೋಗುತ್ತದೆ. ಹೆಸರು ಹೇಳುವ ಆ್ಯಪ್ ಕೂಡ ಮಸುಕು ಚಿತ್ರ ಕೊಟ್ಟರೆ ಧೈರ್ಯವಾಗಿ ತಪ್ಪು ಹೇಳುತ್ತದೆ. ಹಿಡಿದು ನೋಡುವುದಂತೂ ಬೇಡವೇ ಬೇಡ.

ಮಲೆನಾಡಿನವರು ಇನ್ನೊಂದು ನೋಡಿಕೊಳ್ಳಿ. ಮರದ ಮೇಲಿನ ಓತಿಗೆ ಭುಜದ ಮುಂದೆ ಕಪ್ಪು ಮಡಿಕೆಯಿದ್ದರೆ ಅದು ಓತಿಕ್ಯಾತವೂ ಅಲ್ಲ, ಬಹುಪಾಲು ಕಾಡಿನ ಓತಿ. 2018ರವರೆಗೆ ವಿಜ್ಞಾನಿಗಳೂ ಅದನ್ನು ಓತಿಕ್ಯಾತದ ಕಲೋಟಿಸ್ ಕುಲದಲ್ಲೇ ಇಟ್ಟಿದ್ದರು. ಈಗ ಮೊನಿಲೆಸಾರಸ್ ಅಂತ ಬೇರೆ ಮನೆ ಮಾಡಿಕೊಟ್ಟಿದ್ದಾರೆ.