ವಾಲಿಯ ಅರ್ಥ ಹೇಳುತ್ತಾ

ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಿಂದಲೂ ನನಗೆ ತಾಳಮದ್ದಳೆಯ ಹುಚ್ಚು. ವೇಷ ಕಟ್ಟದೆ, ಕೂತಲ್ಲೇ ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ಯಕ್ಷಗಾನ ಅದು. ಕಾಸರಗೋಡಿನ ಎಣ್ಮಕಜೆ, ಬದಿಯಡ್ಕ ಕಡೆಯ ಕೂಟಗಳಲ್ಲಿ ಹೆಚ್ಚಾಗಿ ನನ್ನ ಪಾಲಿಗೆ ಬರುವುದು ವಾಲಿ. ಪ್ರಸಂಗ ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವುದು, ನಮ್ಮೂರಿನ ಸ್ವತ್ತೇ ಎನ್ನಿ.

ಮೊದಮೊದಲು ನನ್ನ ವಾಲಿ ಪಕ್ಕಾ ವಕೀಲ. ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17, 18ನೇ ಸರ್ಗ ಉರುಹೊಡೆದೇ ಕೂರುತ್ತಿದ್ದೆ. ನಿನ್ನ ಊರಿಗೆ ಬಂದು ನಾನೇನು ಕೆಡಿಸಿದೆ? ಇನ್ನೊಬ್ಬನ ಜೊತೆ ಕಾದುತ್ತಿದ್ದವನಿಗೆ ಮರೆಯಿಂದ ಬಾಣವೇ? ತಿನ್ನಬಹುದಾದ ಐದು ಉಗುರಿನ ಪ್ರಾಣಿಗಳೆಂದರೆ ಮುಳ್ಳುಹಂದಿ, ಉಡ, ಮೊಲ, ಆಮೆ ಮುಂತಾದ ಐದೇ. ಆ ಪಟ್ಟಿಯಲ್ಲಿ ಕಪಿಯ ಹೆಸರಿಲ್ಲ, ಮತ್ತೆ ಯಾಕೆ ಕೊಂದೆ? ರಾಮನ ಉತ್ತರವೂ ಗಟ್ಟಿಯೇ. ತಮ್ಮ ಸುಗ್ರೀವ ಬದುಕಿರುವಾಗಲೇ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ. ಇದು ಭರತನ ಆಳ್ವಿಕೆಯ ನೆಲ, ಶಿಕ್ಷಿಸುವ ಅಧಿಕಾರ ನನಗುಂಟು. ಮೇಲಾಗಿ ನೀನು ಮೃಗ, ಬೇಟೆಗೆ ಮರೆಯಾದರೇನು? ಅಲ್ಲಿ ಹಿಡಿಯುತ್ತಿದ್ದೆ ನಾನು: ತಪ್ಪು ಹೊರಿಸುವಾಗ ಮನುಷ್ಯನ ಧರ್ಮ, ಕೊಲ್ಲುವಾಗ ಮೃಗದ ಲೆಕ್ಕವೋ? ಚಪ್ಪಾಳೆ.

ಒಂದು ರಾತ್ರಿ ಚಾ ಕುಡಿಯುತ್ತಾ, ಪದ್ಯ ಹಾಡುವ ಭಾಗವತರು ಹೇಳಿದರು, "ಮಾಷ್ಟ್ರೇ, ನಿಮ್ಮ ವಾಲಿಗೆ ಬಾಣ ನಾಟಿದ ಹಾಗೇ ಕಾಣುವುದಿಲ್ಲ."

ನಿದ್ದೆ ಬರಲಿಲ್ಲ. ಮುಂದಿನ ಕೂಟಕ್ಕೆ ಅರ್ಧ ವಾದ ಬಿಟ್ಟೇ ಹೋದೆ. ಶಾಲಿನ ಒಳಗೆ ಎಡಗೈಯನ್ನು ಎದೆಗೆ ಒತ್ತಿ ಹಿಡಿದೆ, ಮಾತು ಅಲ್ಲಲ್ಲಿ ಕಡಿಯಿತು. ಕೇಳುವುದು, ಮತ್ತೆ ಸುಮ್ಮನಿರುವುದು. ಮೈಕ್ ಮುಂದಿರುವಾಗ ಸುಮ್ಮನಿರುವಷ್ಟು ಕಷ್ಟ ಬೇರೆ ಇಲ್ಲ ಮಾರಾಯ್ರೆ.

ಆ ದಿನ ನಮ್ಮ ನೆರೆಯ ಅಕ್ಕ ಒಬ್ಬರು ಕೇಳಲು ಬಂದಿದ್ದರು. ಮಲಯಾಳದಲ್ಲಿ ಬಂದ ಕಾಗದ ಓದಿಸಲು ನನ್ನಲ್ಲಿಗೆ ಬರುವವರು. ಮೂವತ್ತು ದಾಟಿದ ಮಗ ಹಾಸಿಗೆ ಬಿಟ್ಟು ಎದ್ದವನಲ್ಲ. ನಮ್ಮ ಗುಡ್ಡದ ಗೇರುತೋಟಗಳಿಗೆ 2000ದವರೆಗೆ, ಎರಡು ದಶಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಅದರಿಂದ ಕೆಟ್ಟವರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ನಾವು ಪಟಾಕಿ ಒಂದು ಹೊಡೆಯಲಿಲ್ಲ, ಅಷ್ಟೆ. 2022ರ ಮೇಯಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಜನಕ್ಕೆ, ಪುನಃ ಕೋರ್ಟಿನ ಬಾಗಿಲು ಬಡಿದವರಿಗೆ ಮಾತ್ರ. ಅಕ್ಕನಿಗೆ ಬಂದದ್ದು ಆಮೇಲೆ.

ಕೂಟ ಮುಗಿದು ಟಾರ್ಚು ಹಿಡಿದು ಒಟ್ಟಿಗೆ ಗುಡ್ಡ ಇಳಿಯುವಾಗ ಕೇಳಿದೆ, "ಅಕ್ಕಾ, ರಾಮ ಹೇಳಿದ್ದು ಸರಿ ಅಂತ ಅನಿಸಿತಾ?"

"ಅದೆಲ್ಲ ನನಗೆ ಗೊತ್ತಾಗುವುದಿಲ್ಲ ಮಾಷ್ಟ್ರೇ. ಬಾಣ ಬಿಟ್ಟವ ಮರದ ಹಿಂದಿನಿಂದ ಬಂದು ಎದುರು ನಿಂತ ಅಲ್ವಾ? ಅಷ್ಟು ಹೊತ್ತು ಕೇಳಿಸಿಕೊಂಡ." ಸ್ವಲ್ಪ ನಡೆದು ಅಂದರು, "ನಮ್ಮಲ್ಲಿಗೆ ಹಣ ಬಂತು."

ನಲವತ್ತು ಸಲ ವಾಲಿ ಹೇಳಿದರೂ ನನಗೆ ಹೊಳೆಯದ ಜಾಗ ಅದು. ರಾಮನನ್ನು ಸೋಲಿಸುವುದರಲ್ಲೇ ಇದ್ದೆ. ಅವ ಹತ್ತಿರ ಬಂದದ್ದನ್ನು ನೋಡಿರಲಿಲ್ಲ.

ಈಗ ರಾಮನ ಅರ್ಥಕ್ಕೆ ಕೂರುವವರಿಗೆ ಮೊದಲೇ ಹೇಳಿಡುತ್ತೇನೆ: ಉತ್ತರಕ್ಕೆ ಅವಸರ ಬೇಡ, ನನ್ನ ಮುಖ ನೋಡಿ. ಕಳೆದ ಸಲ ಎದುರು ಕೂತವ ಕಾಲೇಜು ಹುಡುಗ. ನಾನು ಕೇಳಿದೆ. ಅವ ನೋಡುತ್ತಾ ಕೂತ. ಭಾಗವತರು ಪದ್ಯ ಎತ್ತಲಿಲ್ಲ, ಮದ್ದಳೆಯವನ ಕೈ ಚರ್ಮದ ಮೇಲೆಯೇ ನಿಂತಿತ್ತು.