ಹುಳು ತೆಗೆದರೂ ಸುಧಾರಿಸದ ಪೆಟ್ಟಿಗೆ

ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟದ ಬದಿಯಲ್ಲಿ ಎರಡು ತುಡುವೆ ಜೇನಿನ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿನ ಪೆಟ್ಟಿಗೆ ಇವೆ. ಎರಡೂ ಏಳು ಚೌಕಟ್ಟಿನ ನ್ಯೂಟನ್ ಪೆಟ್ಟಿಗೆ. ಮೇ ತಿಂಗಳಲ್ಲಿ ಎರಡರಲ್ಲೂ ಜೇನುನೊಣ ತುಂಬಿ ತುಳುಕುತ್ತಿತ್ತು. ಆಟಿ ತಿಂಗಳ ಜೋರು ಮಳೆಗೆ ಒಂದು ಪೆಟ್ಟಿಗೆ ಸೊರಗಿತು. ಜುಲೈ ಕೊನೆಗೆ ಮುಚ್ಚಳ ತೆಗೆದರೆ ನೊಣ ಇದ್ದದ್ದು ಎರಡೂವರೆ ಎರಿ (ಚೌಕಟ್ಟಿನಲ್ಲಿ ನೊಣ ಕಟ್ಟುವ ಮೇಣದ ಹಲ್ಲೆ) ಮುಚ್ಚುವಷ್ಟು ಮಾತ್ರ.

ಅಡಿಹಲಗೆಯ ಮೇಲೆ ಕಪ್ಪು ಹುಡಿ, ಬಲೆ, ಬಿಳಿ ಹುಳು. ಎರಿ ತಿನ್ನುವ ಮೇಣದ ಹುಳುವಿನ ಕಾಟ ಅಂತ ಅಲ್ಲೇ ತೀರ್ಮಾನ ಮಾಡಿದೆ. ಬಲೆ ಕಟ್ಟಿದ ಎರಿ ಕೊಯ್ದು ತೆಗೆದೆ, ಹಲಗೆ ಕೆರೆದು ತೊಳೆದೆ. ಸಂಜೆ ಸಕ್ಕರೆ, ನೀರು ಸಮಸಮ ಕದಡಿ ಗೆರಟೆಯಲ್ಲಿ ಇಟ್ಟೆ. ನೊಣ ಮುಳುಗದಂತೆ ಮೇಲೆ ನಾಲ್ಕು ಕಡ್ಡಿ ಹಾಕಿದೆ. ಹತ್ತು ದಿನ ಕಳೆದು ನೋಡಿದರೆ ಮತ್ತೆ ಹುಳು. ನೊಣ ಇನ್ನೂ ಕಡಿಮೆ.

ನೆರೆಮನೆಯ ಭಾವ ಚಿಕ್ಕಂದಿನಿಂದ ಜೇನು ಸಾಕಿದವರು. ಅವರಿಗೆ ಹೇಳಿದೆ. "ಹುಳು ಬಿಡು ಭಾವ, ಮೊಟ್ಟೆ ನೋಡಿದ್ದೀಯಾ?" ಅಂತ ಕೇಳಿದರು. ನಾನು ನೋಡಿರಲಿಲ್ಲ.

ಮಳೆ ಬಿಟ್ಟ ಒಂದು ಮಧ್ಯಾಹ್ನ ಇಬ್ಬರೂ ಪೆಟ್ಟಿಗೆ ತೆರೆದೆವು. ಬಿಸಿಲಿಗೆ ಬೆನ್ನು ಹಾಕಿ, ಬೆಳಕು ಹೆಗಲ ಮೇಲಿಂದ ಎರಿಯ ಕಣ್ಣುಗಳ, ಅಂದರೆ ಮೊಟ್ಟೆ ಇಡುವ ಪುಟ್ಟ ಗೂಡುಗಳ ತಳಕ್ಕೆ ಬೀಳುವಂತೆ ಎರಿ ಹಿಡಿಯಬೇಕು. ಹಾಗೆ ಹಿಡಿದಾಗ ಕಂಡಿತು. ಒಂದು ಕಣ್ಣಿನಲ್ಲಿ ಮೂರು ಮೊಟ್ಟೆ, ಪಕ್ಕದ್ದರಲ್ಲಿ ಎರಡು. ಕೆಲವು ತಳ ಮುಟ್ಟದೆ ಗೋಡೆಗೇ ಅಂಟಿದ್ದವು. ಮುಚ್ಚಿದ ಕಣ್ಣುಗಳು ಅಲ್ಲೊಂದು ಇಲ್ಲೊಂದು. ಮುಚ್ಚಳ ಉಬ್ಬಿಕೊಂಡು, ನಡುವೆ ಸೂಜಿ ಚುಚ್ಚಿದಂತೆ ತೂತು. ಅದು ಗಂಡು ನೊಣದ ಮುಚ್ಚಳ. ರಾಣಿ ಇಲ್ಲದೆ ಕೆಲಸದ ನೊಣಗಳೇ ಮೊಟ್ಟೆ ಇಡಲು ಶುರು ಮಾಡಿದ್ದವು. ಅವುಗಳ ಮೊಟ್ಟೆಯಿಂದ ಗಂಡು ಮಾತ್ರ ಹುಟ್ಟುತ್ತದೆ. ಕೆಲಸದ ನೊಣ ಮೊಟ್ಟೆಯಿಂದ ಹೊರಬರಲು ಸುಮಾರು 20 ದಿನ ಬೇಕು. ಅದರ ಒಂದು ಮರಿಯೂ ಉಳಿದಿರಲಿಲ್ಲ. ಅಂದರೆ ರಾಣಿ ಹೋಗಿ ಕಡಿಮೆಯೆಂದರೂ ಮೂರು ವಾರ ಆಗಿತ್ತು. ನಾನು ಹುಳು ಹೆಕ್ಕುತ್ತಿದ್ದಾಗಲೂ ರಾಣಿ ಇರಲಿಲ್ಲ! ಇದು ನೆನೆದರೆ ಈಗಲೂ ಬೇಸರ ಆಗುತ್ತದೆ. ಎರಿ ತುಂಬ ನೊಣ ಇದ್ದರೆ ಅವೇ ಹುಳುವನ್ನು ಎಳೆದು ಹೊರಗೆ ಹಾಕುತ್ತವೆ. ಕಾಯಲು ನೊಣ ಇಲ್ಲದ ಎರಿಗೇ ಹುಳು ಬರುವುದು.

ಭಾವ ಇನ್ನೊಂದನ್ನೂ ನೋಡಿದರು. 1991-92ರ ಹೊತ್ತಿಗೆ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೇರಳ, ಕರ್ನಾಟಕದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಆ ಕಾಲ ಕಂಡವರು ಮರಿ ಪರೀಕ್ಷೆ ಮಾಡದೆ ಬಿಡುವುದಿಲ್ಲ. ರೋಗ ಇದ್ದರೆ ಸತ್ತ ಮರಿ ನೆಟ್ಟಗೆ ಚಾಚಿ, ತಲೆ ಮೇಲೆತ್ತಿ ದೋಣಿಯಂತೆ ಮಲಗಿರುತ್ತದೆ. ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ನಮ್ಮಲ್ಲಿ ಅದಿರಲಿಲ್ಲ. ಇದ್ದಿದ್ದರೆ ಇದನ್ನು ಇನ್ನೊಂದು ಪೆಟ್ಟಿಗೆಗೆ ಸೇರಿಸುವ ಮಾತೇ ಇಲ್ಲ.

ಒಳ್ಳೆಯ ಪೆಟ್ಟಿಗೆಯಿಂದ ಮೊಟ್ಟೆ ಇರುವ ಎರಿ ಕೊಟ್ಟು ಹೊಸ ರಾಣಿ ಮಾಡಿಸೋಣವಾ ಅಂತ ಕೇಳಿದೆ. ಈ ಮಳೆಯಲ್ಲಿ ಬೇಡ ಅಂದರು. ರಾಣಿ ಹುಟ್ಟಿದರೂ ಹೊರಗೆ ಹಾರಿ ಗಂಡಿನೊಡನೆ ಕೂಡಬೇಕು ಅಲ್ವಾ? ಜಡಿಮಳೆಯಲ್ಲಿ ಅದಕ್ಕೆ ಹೊತ್ತೇ ಸಿಗುವುದಿಲ್ಲ. ಹಾಗಾಗಿ ಎರಡನ್ನೂ ಒಂದು ಮಾಡಿದೆವು.

ಗಂಡು ಮರಿಯ ಎರಿಗಳನ್ನು ಕೊಯ್ದು ತೆಗೆದೆವು. ಒಳ್ಳೆಯ ಪೆಟ್ಟಿಗೆಯ ರಾಣಿಗೆ ಅಪಾಯ ಆಗಬಾರದೆಂದು ಅದನ್ನು ಪುಟ್ಟ ಪಂಜರದಲ್ಲಿ ಹಾಕಿ ಎರಿಯ ನಡುವೆ ಇಟ್ಟೆವು. ಕತ್ತಲಾದ ಮೇಲೆ ಆ ಪೆಟ್ಟಿಗೆಯ ಸಂಸಾರ ಕೋಣೆಯ (ಮರಿ ಬೆಳೆಯುವ ಕೆಳಗಿನ ಕೋಣೆಯ) ಮೇಲೆ ಒಂದು ಹಾಳೆ ದಿನಪತ್ರಿಕೆ ಹಾಸಿ, ಮೊಳೆಯಿಂದ ಏಳೆಂಟು ತೂತು ಚುಚ್ಚಿ, ಅದರ ಮೇಲೆ ಸೊರಗಿದ ಕುಟುಂಬವನ್ನು ಕೂರಿಸಿದೆವು. ನೊಣ ಕಾಗದ ಕಚ್ಚಿ ಹರಿಯುವಷ್ಟರಲ್ಲಿ ಎರಡರ ವಾಸನೆ ಬೆರೆಯುತ್ತದೆ, ಜಗಳ ಜಾಸ್ತಿ ಆಗುವುದಿಲ್ಲ. ಮರುದಿನ ಬಾಗಿಲ ಮುಂದೆ ಕಾಗದದ ಹುಡಿ ಬಿದ್ದಿತ್ತು. ಸತ್ತ ನೊಣ ಬೆರಳೆಣಿಕೆಯಷ್ಟು. ಮೂರನೇ ದಿನ ರಾಣಿಯನ್ನು ಬಿಟ್ಟೆವು.

ಈಗ ಮಳೆಗಾಲದಲ್ಲಿ ನೊಣ ಮುಚ್ಚದ ಎರಿ ಒಂದನ್ನೂ ಒಳಗೆ ಬಿಡುವುದಿಲ್ಲ. ನಾಲ್ಕು ಎರಿಗೆ ಆಗುವಷ್ಟು ನೊಣ ಇದ್ದರೆ ನಾಲ್ಕೇ. ತೆಗೆದದ್ದನ್ನು ಸುಮ್ನೆ ಮೂಲೆಯಲ್ಲಿ ಇಟ್ಟರೆ ಹುಳುವಿನ ಪಾಲು, ಹಾಗಾಗಿ ಕರಗಿಸಿ ಮೇಣ ಮಾಡುತ್ತೇನೆ.

ದೀಪಾವಳಿ ಕಳೆದ ಮೇಲೆ ಒಂದು ಮಾಡಿದ ಆ ಪೆಟ್ಟಿಗೆಯಲ್ಲಿ ನೊಣಗಳು ರಾಣಿ ಕಣ್ಣು, ಅಂದರೆ ಹೊಸ ರಾಣಿ ಬೆಳೆಯುವ ಗೂಡು ಕಟ್ಟಿದವು. ಮುಚ್ಚಿದ ಒಂದು ರಾಣಿ ಕಣ್ಣಿನ ಜೊತೆ ಮೂರು ಎರಿ, ಅವುಗಳ ಮೇಲಿದ್ದ ನೊಣ ಎಲ್ಲ ಸೇರಿಸಿ ಖಾಲಿ ಪೆಟ್ಟಿಗೆಗೆ ಹಾಕಿದೆ. ಮೂರು ವಾರ ಕಳೆದು ಬಿಸಿಲಿಗೆ ಬೆನ್ನು ಹಾಕಿ ಎರಿ ಹಿಡಿದೆ. ಪ್ರತಿ ಕಣ್ಣಿನ ತಳದಲ್ಲಿ ಒಂದೊಂದೇ ಮೊಟ್ಟೆ, ನೆಟ್ಟಗೆ ನಿಂತಿತ್ತು. ಭಾವನನ್ನು ಕೂಗಿ ಕರೆದೆ.