ಹಳೇ ಬುಲೆಟ್‌ಗೆ ಕ್ರ್ಯಾಶ್ ಗಾರ್ಡ್, ಸ್ಯಾಡಲ್ ಬ್ಯಾಗ್: ಮನೆಯಲ್ಲೇ ಕೂರಿಸುವುದು ಹೇಗೆ?

ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ನನ್ನ ಭಾವನ ಬುಲೆಟ್ ಎಡಕ್ಕೆ ಮಲಗಿತು. ವೇಗ ಏನೂ ಇರಲಿಲ್ಲ, ಮಳೆಗೆ ರಸ್ತೆ ಜಾರುತ್ತಿತ್ತು ಅಷ್ಟೇ. ಹೊಸ ಕ್ರ್ಯಾಶ್ ಗಾರ್ಡ್ ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ. ಗಾಡಿಯ ಭಾರ ಬಿದ್ದದ್ದೇ ತಡ, ಗಾರ್ಡಿನ ಕೆಳಗಿನ ಹಿಡಿತ ಕಿತ್ತುಬಂತು. ಇಡೀ ಗಾರ್ಡ್ ಫ್ರೇಮಿನ ಕೊಳವೆ ಸುತ್ತ ಗಿರ್ರನೆ ತಿರುಗಿ, ಅವನ ಕಾಲನ್ನು ಬ್ರೇಕ್ ಪೆಡಲ್‌ಗೆ ಒತ್ತಿ ಹಿಡಿಯಿತು. ಎರಡು ಬೆರಳು ಮುರಿದವು. ಆಮೇಲೆ ಬಗ್ಗಿ ನೋಡಿದರೆ, ಕೆಳಗಿನ ನಟ್ಟು ಹಿಡಿದಿದ್ದದ್ದು ಎರಡೇ ಎರಡು ಸುತ್ತು ಥ್ರೆಡ್ ಮೇಲೆ.

ಅಂದಿನಿಂದ ಎಲ್ಲಿ ಹಳೇ ಬುಲೆಟ್ ಕಂಡರೂ ನಾನು ಮೊದಲು ನೋಡುವುದು ಆ ನಟ್ಟನ್ನೇ. ಎಷ್ಟೋ ಗಾಡಿಗಳಲ್ಲಿ ಅದೇ ಕತೆ. ಅದಕ್ಕೇ ಈ ಲೇಖನ. ಇಲ್ಲಿ ಹೇಳುವುದೆಲ್ಲ ಕಾಸ್ಟ್ ಐರನ್ ಬುಲೆಟ್ 350ಕ್ಕೆ ಸೇರಿದ್ದು. ಅಂದರೆ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಗಾಡಿ.

ಗಾರ್ಡ್ ಕೊಳ್ಳುವಾಗ

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ನೂರೆಂಟು ಡಿಸೈನ್ ತೋರಿಸುತ್ತಾರೆ. ಚಿಟ್ಟೆಯ ಆಕಾರ, ರೆಕ್ಕೆ ಆಕಾರ, ಸುರುಳಿ ಸುರುಳಿ. ಸುಮ್ನೆ ಒಂದೇ ಬಾಗಿನ ಹಳೇ ಮಾದರಿ ಗಾರ್ಡ್ ತೆಗೆದುಕೊಳ್ಳಿ. ಬೆಸುಗೆ ಜಾಸ್ತಿ ಇದ್ದಷ್ಟೂ ಬಿರುಕು ಬಿಡುವ ಜಾಗ ಜಾಸ್ತಿ. ಕೊಳವೆಯ ಗೋಡೆಯ ದಪ್ಪ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ವರ್ನಿಯರ್ ಇಟ್ಟು ಅಳೆಯಿರಿ, ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಸ್ಟೀಲು ಎಂದು ಹೇಳಿ ಕ್ರೋಮ್ ಹೊಡೆದ ಕಬ್ಬಿಣ ಕೊಡುವವರೂ ಇದ್ದಾರೆ. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಗ್ರೇಡ್ ಸ್ಟೇನ್‌ಲೆಸ್ ಅಲ್ಲ.

ನನ್ನ ಆಯ್ಕೆ ಪೌಡರ್ ಕೋಟಿಂಗ್ ಮಾಡಿದ ಸಾದಾ ಕಬ್ಬಿಣ. ಬಿದ್ದಾಗ ಅದು ಬಾಗುತ್ತದೆ, ಪೆಟ್ಟನ್ನು ತಾನು ತಿನ್ನುತ್ತದೆ. ಊರಿನ ವೆಲ್ಡಿಂಗ್ ಶಾಪಿನಲ್ಲೇ ನೆಟ್ಟಗೆ ಮಾಡಿಸಬಹುದು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಓಡಿಸುವವರು ಮಾತ್ರ 304 ತೆಗೆದುಕೊಳ್ಳಿ.

ಸಾಮಾನು ಜೋಡಿಸಿಕೊಳ್ಳಿ

ವರ್ನಿಯರ್, ದುಂಡನೆಯ ಅರ, ವೈರ್ ಬ್ರಷ್, ಗ್ರೀಸ್, ಸಣ್ಣ ಜಾಕ್, ಒಂದು ಮರದ ತುಂಡು, ಹಳೇ ಸೈಕಲ್ ಟ್ಯೂಬು. ಸ್ಪ್ಯಾನರ್ ವಿಷಯಕ್ಕೆ ಮಾತ್ರ ಒಂದು ಎಚ್ಚರಿಕೆ. 1955ರಲ್ಲಿ ಮದ್ರಾಸಿನಲ್ಲಿ ಬುಲೆಟ್ ಜೋಡಿಸುವುದು ಶುರುವಾದಾಗ ನಕ್ಷೆ ಬಂದದ್ದು ಇಂಗ್ಲೆಂಡಿನ ರೆಡಿಚ್ ಕಾರ್ಖಾನೆಯಿಂದ. ಹಾಗಾಗಿ ಹಳೇ ಗಾಡಿಗಳಲ್ಲಿ ಬ್ರಿಟಿಷ್ ಇಂಚಿನ ಥ್ರೆಡ್ ಇರುತ್ತವೆ. ನಡುವೆ ಯಾರೋ ಹಾಕಿದ ಮಿ.ಮೀ. ಬೋಲ್ಟುಗಳೂ ಸೇರಿಕೊಂಡಿರುತ್ತವೆ. ನಟ್ಟು ಕೈಯಲ್ಲಿ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಅದು ಆ ಬೋಲ್ಟಿನ ನಟ್ಟಲ್ಲ. ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಹಳೇ ಬೋಲ್ಟನ್ನು ಜೊತೆಗೇ ಒಯ್ದು, ಅದಕ್ಕೆ ಹೊಂದುವುದನ್ನೇ ತನ್ನಿ.

ಕೆಳಗಿನ ಹಿಡಿತ: ಎಲ್ಲರೂ ಎಡವುವುದು ಇಲ್ಲೇ

ಬುಲೆಟ್‌ನ ಫ್ರೇಮ್ ಇಂಜಿನ್ ಕೆಳಗಿನಿಂದ ಸುತ್ತಿಕೊಂಡು ಹೋಗುವುದಿಲ್ಲ. ಮುಂದಿನ ಕೊಳವೆ ಇಂಜಿನ್ನಿನ ಮುಂದೆಯೇ ಮುಗಿಯುತ್ತದೆ. ಅಲ್ಲಿಂದ ಎರಡು ಪ್ಲೇಟುಗಳು ಇಂಜಿನ್ನನ್ನು ಹಿಡಿದುಕೊಂಡಿರುತ್ತವೆ. ಅಂದರೆ ಇಂಜಿನ್ನೇ ಫ್ರೇಮಿನ ಒಂದು ಭಾಗ. ಗಾರ್ಡಿನ ಕೆಳಗಿನ ಎರಡು ಕಿವಿಗಳು, ಅಂದರೆ ತೂತಿರುವ ಪಟ್ಟಿಗಳು, ಬಂದು ಕೂರುವುದು ಆ ಪ್ಲೇಟುಗಳ ಬೋಲ್ಟಿಗೇ.

ಈಗ ಲೆಕ್ಕ ಹಾಕಿ. ಒಂದೊಂದು ಕಿವಿಯ ದಪ್ಪ 4-5 ಮಿ.ಮೀ. ಎರಡೂ ಕಡೆ ಸೇರಿದರೆ ಹತ್ತಿರ ಹತ್ತಿರ 10 ಮಿ.ಮೀ. ಮೊದಲಿನಿಂದ ಇದ್ದ ಬೋಲ್ಟು ಅಷ್ಟು ಉದ್ದ ಇರುವುದಿಲ್ಲ. ಗ್ಯಾರೇಜಿನಲ್ಲಿ ಏನು ಮಾಡುತ್ತಾರೆ? ವಾಷರ್ ತೆಗೆದುಹಾಕಿ, ನಟ್ಟನ್ನು ತುದಿಯಲ್ಲಿ ಹೇಗೋ ಹಿಡಿಸಿ ಕಳಿಸುತ್ತಾರೆ. ಭಾವನ ಗಾಡಿಯಲ್ಲಿ ಆಗಿದ್ದು ಅದೇ. ಬಿಗಿದ ಮೇಲೆ ನಟ್ಟಿನಾಚೆ ಕನಿಷ್ಠ ಎರಡು ಸುತ್ತು ಥ್ರೆಡ್ ಕಾಣಬೇಕು. ಕಾಣದಿದ್ದರೆ ಉದ್ದದ ಬೋಲ್ಟೇ ಬೇಕು, ಬೇರೆ ದಾರಿ ಇಲ್ಲ. ಮಿ.ಮೀ. ಬೋಲ್ಟಾದರೆ ತಲೆಯ ಮೇಲೆ 8.8 ಎಂದು ಬಲದ ದರ್ಜೆಯ ಅಚ್ಚು ಇರುವುದನ್ನೇ ತನ್ನಿ. ಲೇತಿನಲ್ಲಿ ಮಾಡಿಸುವುದಾದರೆ ಸಾದಾ ಸರಳಿನಲ್ಲಿ ಬೇಡ, ಗಟ್ಟಿ ಸ್ಟೀಲಿನಲ್ಲೇ ಮಾಡಿಸಿ.

ಹಳೇ ಬೋಲ್ಟನ್ನು ಎಳೆದು ತೆಗೆದು ಆಮೇಲೆ ಹೊಸದನ್ನು ಹಾಕಲು ಹೋಗಬೇಡಿ. ಬೋಲ್ಟು ಹೊರಬಂದ ಕ್ಷಣ ಇಂಜಿನ್ ಒಂದು ಕೂದಲೆಳೆ ಕೆಳಗೆ ಜಗ್ಗುತ್ತದೆ. ತೂತುಗಳು ಒಂದಕ್ಕೊಂದು ತಪ್ಪುತ್ತವೆ. ಆಮೇಲೆ ಸುತ್ತಿಗೆ ಕೈಗೆ ಬರುತ್ತದೆ, ಹೊಸ ಬೋಲ್ಟಿನ ಥ್ರೆಡ್ ಹಾಳಾಗುತ್ತದೆ.

ಹೀಗೆ ಮಾಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಪೆಟ್ರೋಲ್ ಬಂದ್ ಮಾಡಿ. ಇಂಜಿನ್ ಕೆಳಗೆ ಮರದ ತುಂಡು ಇಟ್ಟು, ಅದರ ಕೆಳಗೆ ಜಾಕ್ ಇಡಿ. ಗಾಡಿ ಎತ್ತುವುದಕ್ಕಲ್ಲ, ಭಾರ ಹೊರುವುದಕ್ಕೆ ಮಾತ್ರ. ಮರ ಇಂಜಿನ್ನಿಗೆ ತಾಗಿದ ಮೇಲೆ ಕಾಲು ಸುತ್ತು ಏರಿಸಿದರೆ ಸಾಕು. ಈಗ ಒಂದು ಕಡೆಯ ನಟ್ಟು ಬಿಚ್ಚಿ. ಹೊಸ ಬೋಲ್ಟಿಗೆ ತೆಳುವಾಗಿ ಗ್ರೀಸ್ ಸವರಿ. ಅದರ ತುದಿಯನ್ನು ಹಳೇ ಬೋಲ್ಟಿನ ತುದಿಗೆ ಒತ್ತಿ ಹಿಡಿದು, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಹೊಸದು ಒಳಗೆ ಬಂದಷ್ಟೇ ಹಳೆಯದು ಆಚೆ ಹೋಗಬೇಕು. ತೂತು ಒಂದು ಕ್ಷಣವೂ ಖಾಲಿ ಬೀಳಬಾರದು. ತಟ್ಟುವ ಸದ್ದು ಟಕ್ ಟಕ್ ಎಂದು ಒಂದೇ ಸಮ ಇದ್ದರೆ ಎಲ್ಲ ಸರಿ ಇದೆ. ಸದ್ದು ಮಂಕಾದರೆ ಎಲ್ಲೋ ಸಿಕ್ಕಿಕೊಂಡಿದೆ. ನಿಲ್ಲಿಸಿ, ಜಾಕನ್ನು ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿ.

ಇನ್ನು ಗಾರ್ಡಿನ ತೂತು. ಅದು ಸರಿಯಾಗಿ ಎದುರಿಗೆ ಬರುವುದು ಅಪರೂಪ. ಮೂರ್ನಾಲ್ಕು ಮಿ.ಮೀ. ಆಚೀಚೆ ಇದ್ದೇ ಇರುತ್ತದೆ. ಬೋಲ್ಟು ಬಿಗಿದು ಎಳೆದುಕೊಂಡರಾಯಿತು ಎಂದು ಹೇಳುವ ಮೇಸ್ತ್ರಿಯ ಮಾತು ದಯವಿಟ್ಟು ಕೇಳಬೇಡಿ. ಕಾಸ್ಟ್ ಐರನ್ ಎಂಬ ಹೆಸರು ಬಂದದ್ದು ಸಿಲಿಂಡರ್ ಬ್ಯಾರಲ್‌ನಿಂದ. ಕೆಳಗಿನ ಕ್ರ್ಯಾಂಕ್‌ಕೇಸ್, ಅಂದರೆ ಇಂಜಿನ್ನಿನ ಕೆಳಭಾಗದ ಡಬ್ಬಿ, ಮತ್ತು ಬೋಲ್ಟು ಹಿಡಿಯುವ ಅದರ ಕಿವಿ ಅಲ್ಯುಮಿನಿಯಂ. ಬಾಗಿಸಿ ಎಳೆದು ಕಟ್ಟಿದ ಗಾರ್ಡ್ ಸದಾ ಆ ಅಲ್ಯುಮಿನಿಯಂ ಕಿವಿಯನ್ನು ಜಗ್ಗುತ್ತಲೇ ಇರುತ್ತದೆ. ಮೇಲಿಂದ ಸಿಂಗಲ್ ಸಿಲಿಂಡರ್ ಇಂಜಿನ್ನಿನ ನಡುಕ ಬೇರೆ. ಒಂದು ದಿನ ಕಿವಿ ಸೀಳುತ್ತದೆ, ಆಗ ಇಡೀ ಇಂಜಿನ್ ಬಿಚ್ಚುವ ಕೆಲಸ. ಅದರ ಬದಲು ದುಂಡನೆಯ ಅರ ಹಿಡಿದು ಗಾರ್ಡಿನ ತೂತನ್ನೇ ಉಜ್ಜಿ ಅಗಲ ಮಾಡಿ. ಅರ್ಧ ಗಂಟೆ ಹಿಡಿಯಬಹುದು. ಗಾರ್ಡ್ ಕೈಯಲ್ಲಿ ಹಿಡಿದಿಟ್ಟಾಗ ಬೋಲ್ಟು ಬೆರಳಿನಿಂದ ಒಳಗೆ ಹೋಗಬೇಕು. ಹೋಗುವವರೆಗೂ ಉಜ್ಜಿ. ಉಜ್ಜಿದ ಜಾಗಕ್ಕೆ ಪೇಂಟ್ ಹಚ್ಚಿ, ಮೇಲೆ ಅಗಲದ ವಾಷರ್ ಹಾಕಿ. ನಟ್ಟನ್ನು ಸದ್ಯಕ್ಕೆ ಕೈಬಿಗಿಯಲ್ಲೇ ಬಿಡಿ.

ಮೇಲಿನ ಕ್ಲ್ಯಾಂಪ್

ಫ್ರೇಮಿನ ಮುಂದಿನ ಕೊಳವೆಯ ಮೇಲಿನ ಗ್ರೀಸ್, ಧೂಳು ಒರೆಸಿ. ಸೈಕಲ್ ಟ್ಯೂಬಿನ ಒಂದೇ ಒಂದು ಪದರ ಸುತ್ತಿ, ಮೇಲೆ ಕ್ಲ್ಯಾಂಪ್ ಹಾಕಿ. ಗಾರ್ಡ್ ಜೊತೆ ಬರುವ ದಪ್ಪ ರಬ್ಬರ್ ಬೇಡ, ಅದರ ಮೇಲೆ ಕ್ಲ್ಯಾಂಪ್ ಜಾರುತ್ತದೆ. ಪೂರ್ತಿ ಬಿಗಿದ ಮೇಲೂ ಕ್ಲ್ಯಾಂಪಿನ ಎರಡು ತುಟಿಗಳ ನಡುವೆ 2-3 ಮಿ.ಮೀ. ಸಂದು ಉಳಿದಿರಬೇಕು. ತುಟಿಗಳು ಒಂದಕ್ಕೊಂದು ತಾಗಿದರೆ ಬೋಲ್ಟು ಬಿಗಿದಂತೆ ಅನಿಸುತ್ತದೆ, ಕೊಳವೆ ಮಾತ್ರ ಸಡಿಲವಾಗೇ ಇರುತ್ತದೆ. ಆಗ ಸಣ್ಣ ಅಳತೆಯ ಕ್ಲ್ಯಾಂಪ್ ಬೇಕು.

ಬಿಗಿಯುವಾಗ ಮೊದಲು ಕೆಳಗಿನವು, ಆಮೇಲೆ ಮೇಲಿನದು. ಕ್ಲ್ಯಾಂಪಿನದು 8 ಮಿ.ಮೀ. ಬೋಲ್ಟಾದರೆ 25 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ (ಎಷ್ಟು ಬಿಗಿದಿದೆ ಎಂದು ತೋರಿಸುವ ಸ್ಪ್ಯಾನರ್) ಇಲ್ಲದವರು 13ರ ಸ್ಪ್ಯಾನರಿಗೆ ಪೈಪ್ ತೂರಿಸಿ ಜಗ್ಗುವುದನ್ನಂತೂ ಮಾಡಬೇಡಿ. ಎಲ್ಲ ಕಡೆ ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರ ಇರುವುದು) ಹಾಕಿ, ಒಮ್ಮೆ ಬಿಚ್ಚಿದ ನೈಲಾಕನ್ನು ಮತ್ತೆ ಬಳಸಬೇಡಿ.

ಗಾರ್ಡಿಗೆ ಎಲ್ಲಾದರೂ ಬೆಸುಗೆ ಬೇಕಾದರೆ ಬಿಚ್ಚಿಕೊಂಡು ಹೋಗಿ ಮಾಡಿಸಿ. ಗಾಡಿಯ ಮೇಲೇ ವೆಲ್ಡಿಂಗ್ ಮಾಡಿಸಿದರೆ ಕರೆಂಟು ವೈರಿಂಗ್, ಬ್ಯಾಟರಿ ಕಡೆ ನುಗ್ಗಬಹುದು. ಫ್ರೇಮಿಗೆ ಬೆಸುಗೆಯ ಮಾತೇ ಬೇಡ.

ಈಗ ಪರೀಕ್ಷೆ. ಹ್ಯಾಂಡಲ್ಲನ್ನು ಎರಡೂ ತುದಿಗೆ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು, ಮೈಭಾರ ಹಾಕಿ ಫೋರ್ಕನ್ನು ಪೂರ್ತಿ ಕುಗ್ಗಿಸಿ, ಮಡ್‌ಗಾರ್ಡ್ ಗಾರ್ಡಿಗೆ ತಾಗಬಾರದು. ಬಲಗಡೆ ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿಗೂ ಗಾರ್ಡಿಗೂ ಒಂದು ಬೆರಳು ಸಂದು ಇರಲಿ. ನೀವು ದಿನಾ ಹಾಕುವ ಶೂ ಹಾಕಿಕೊಂಡೇ ಬ್ರೇಕು, ಗೇರು ಒತ್ತಿ ನೋಡಿ. ಬರಿಗಾಲಲ್ಲಿ ಸರಿ ಇದ್ದದ್ದು ಶೂ ಹಾಕಿದಾಗ ಸಿಕ್ಕಿಕೊಳ್ಳುತ್ತದೆ.

ಮೈಸೂರಿನ ಯೆಜ್ಡಿ ಇಟ್ಟುಕೊಂಡವರಿಗೆ ಒಂದು ಮಾತು. ನಿಮ್ಮ ಗಾಡಿಯಲ್ಲಿ ಕಿಕ್ಕರ್, ಗೇರು ಎರಡಕ್ಕೂ ಎಡಗಡೆ ಒಂದೇ ಲಿವರ್. ಅದನ್ನು ಎರಡೂ ಕೆಲಸಕ್ಕೆ ಪೂರ್ತಿ ಆಡಿಸಿ ನೋಡಿದ ಮೇಲೆಯೇ ಗಾರ್ಡ್ ಬಿಗಿಯಿರಿ.

ಸ್ಯಾಡಲ್ ಬ್ಯಾಗ್

ಬ್ಯಾಗನ್ನು ನೇರ ಸೀಟಿನ ಮೇಲೆ ಜೋತುಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಎರಡು ಬದಿಗೂ ಕಬ್ಬಿಣದ ಚೌಕಟ್ಟು ಬೇಕೇ ಬೇಕು. ಅದನ್ನು ಹಿಂದಿನ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೆ ಒಂದು ಕಡೆ, ಹಿಂದೆ ಮಡ್‌ಗಾರ್ಡನ್ನು ಹಿಡಿದಿರುವ ಸರಳಿಗೆ (ಸ್ಟೇ) ಒಂದು ಕಡೆ ಹಿಡಿಸುವುದು. ಇಲ್ಲೂ ಬೋಲ್ಟಿನ ಉದ್ದದ್ದೇ ಪ್ರಶ್ನೆ, ಮೇಲೆ ಹೇಳಿದ ಎರಡು ಸುತ್ತಿನ ನಿಯಮ ಇಲ್ಲೂ ಅಷ್ಟೇ. ಒಂದೊಂದೇ ಬದಿ ಬಿಚ್ಚಿ, ಎರಡೂ ಒಟ್ಟಿಗೆ ಬೇಡ.

ಎಡಗಡೆ ಚೈನು ಇದೆ, ಬ್ರೇಕ್ ರಾಡ್ ಇದೆ. ಬ್ಯಾಗಿಗೆ ಜಾಗ ಸಾಲದು ಎಂದು ಸೀರೆ ಗಾರ್ಡ್ ಬಿಚ್ಚಿ ಎಸೆಯುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಕನಿಷ್ಠ ಅರ್ಧ ಭಾಗ ಮುಚ್ಚಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಿಯಮ ಬಿಡಿ, ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡರೆ ಏನಾಗುತ್ತದೆ ಎಂದು ನಮ್ಮ ಊರುಗಳಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಸೀರೆ ಗಾರ್ಡ್ ಇದ್ದ ಹಾಗೇ ಇರಲಿ, ಚೌಕಟ್ಟು ಅದರ ಹೊರಗೆ ಬರಲಿ.

ಬಲಗಡೆ ಸೈಲೆನ್ಸರ್. ಬ್ಯಾಗಿನ ತಳಕ್ಕೂ ಸೈಲೆನ್ಸರಿಗೂ ನಾಲ್ಕು ಬೆರಳು ಅಂತರ ಬೇಕು. ಇದನ್ನು ಖಾಲಿ ಗಾಡಿಯಲ್ಲಿ ಅಳೆಯಬೇಡಿ. ಬ್ಯಾಗಿನಲ್ಲಿ ಸಾಮಾನು ತುಂಬಿ, ಇಬ್ಬರು ಕೂತು, ಮೂರನೆಯವರು ಬಗ್ಗಿ ನೋಡಬೇಕು. ಬ್ಯಾಗಿನ ಪಟ್ಟಿಗಳ ತುದಿ ಜೋತಾಡದಂತೆ ಮಡಿಸಿ ಕಟ್ಟಿ. ಇಂಡಿಕೇಟರ್ ಮರೆಯಾದರೆ ನಂಬರ್ ಪ್ಲೇಟಿನ ಅಕ್ಕಪಕ್ಕಕ್ಕೆ ಬದಲಾಯಿಸಿ.

ಯಾವ ಬ್ಯಾಗು? ಕ್ಯಾನ್ವಾಸ್. ಹಳೇ ಗಾಡಿಗೆ ಚರ್ಮದ ಬ್ಯಾಗು ಲಕ್ಷಣವಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಮಲೆನಾಡಿನ ಒಂದು ಮಳೆಗಾಲಕ್ಕೆ ಅದರ ಮೇಲೆ ಬೂಷ್ಟು ಬರುತ್ತದೆ. ಚರ್ಮದಂತೆ ಕಾಣುವ ರೆಕ್ಸಿನ್ ಬ್ಯಾಗಂತೂ ಬೇಡವೇ ಬೇಡ. ಪಟ್ಟಿ ಸೇರುವ ಕಡೆ ಹೊಲಿಗೆ ಮೊದಲ ಘಾಟಿಯಲ್ಲೇ ಬಿಡುತ್ತದೆ. ಕ್ಯಾನ್ವಾಸ್ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟರೆ ಬಟ್ಟೆ ಒಣಗಿಯೇ ಇರುತ್ತದೆ. ಒಂದೊಂದು ಬದಿಗೆ ಐದಾರು ಕೆ.ಜಿ. ಮೀರಬೇಡಿ, ಎರಡೂ ಬದಿ ಸಮ ಇರಲಿ. ಟೂಲ್ಸ್, ಟ್ಯೂಬು ಇಂಥ ಭಾರದ ಸಾಮಾನು ತಳಕ್ಕೆ.

ಆಮೇಲೆ

ಬುಲೆಟ್‌ನ ನಡುಕಕ್ಕೆ ಹೊಸ ನಟ್ಟು ಒಮ್ಮೆ ಸಡಿಲವಾಗಿಯೇ ತೀರುತ್ತದೆ. 50 ಕಿ.ಮೀ. ಓಡಿದ ಮೇಲೆ ಒಂದು ಸಲ, 200 ಕಿ.ಮೀ. ಆದ ಮೇಲೆ ಇನ್ನೊಂದು ಸಲ ಎಲ್ಲವನ್ನೂ ಬಿಗಿಯಿರಿ. ಎರಡನೇ ಸಲ ಬಿಗಿದ ಮೇಲೆ ಕೆಂಪು ನೇಲ್ ಪಾಲಿಷ್ ತೆಗೆದುಕೊಂಡು, ನಟ್ಟಿನ ಮೇಲಿಂದ ಪ್ಲೇಟಿನವರೆಗೆ ಒಂದು ಗೀಟು ಎಳೆಯಿರಿ. ನಟ್ಟು ತಿರುಗಿದರೆ ಗೀಟು ಮುರಿದು ಕಾಣುತ್ತದೆ, ಸ್ಪ್ಯಾನರ್ ಹಾಕಿ ನೋಡುವ ಕೆಲಸವೂ ಇಲ್ಲ. ಭಾವ ಈಗ ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಮೊದಲು ಕೂತು ಆ ನಾಲ್ಕು ಗೀಟು ನೋಡುತ್ತಾನೆ. ಆಮೇಲೆ ಘಾಟಿ ಇಳಿಯುತ್ತಾನೆ.